ಹೇರುಪಟ್ಟಣದ ಬುತ್ತಿಕಟ್ಟೆ

ಹೇರುಪಟ್ಟಣದಲ್ಲಿ ಈಗ ಪಟ್ಟಣವೆನ್ನುವುದು ಹೆಸರಿನಲ್ಲಷ್ಟೇ ಇದೆ. ಹೊಳೆಯ ದಂಡೆಯಲ್ಲಿ ಮುನ್ನೂರು ಮನೆ, ಒಂದು ಹಿಟ್ಟಿನ ಗಿರಣಿ, ಎರಡು ಚಹಾದಂಗಡಿ. ಕೋಟೆಯ ಕಲ್ಲುಗಳಲ್ಲಿ ಅರ್ಧಕ್ಕರ್ಧ ಊರವರ ಕೊಟ್ಟಿಗೆ ಸೇರಿವೆ. ಯಾರ ಕೊಟ್ಟಿಗೆ ಎಂದು ಕೇಳಿದರೆ ಎಲ್ಲರೂ ಪಕ್ಕದ ಮನೆಯತ್ತ ಬೊಟ್ಟು ಮಾಡುತ್ತಾರೆ. ನಿಂತಿರುವುದು ಪಡುವಣ ಬಾಗಿಲೊಂದೇ; ಹೊಳೆಗೂ ಘಟ್ಟಕ್ಕೂ ಹೋಗುವ ದಾರಿ ಅದರಿಂದಲೇ. ಅದರ ಒಳಮಗ್ಗುಲಿಗೆ ಸೊಂಟದೆತ್ತರದ, ಅಗಲವಾದ ಒಂದು ಕಲ್ಲುಕಟ್ಟೆ ಇದೆ. ಬಸ್ಸು ಅಲ್ಲಿಯೇ ನಿಲ್ಲುತ್ತದೆ, ಕಂಡಕ್ಟರ್ “ಬುತ್ತಿಕಟ್ಟಿ ಇಳೀರಿ” ಎಂದು ಕೂಗುತ್ತಾನೆ. ದಾರಿಹೋಕರು ಇಲ್ಲಿ ಕುಳಿತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಪರಸ್ಥಳದವರು ತಾವೇ ಅರ್ಥ ಹಚ್ಚಿಕೊಂಡು ಹೋಗುತ್ತಾರೆ. ಊರ ಹಿರಿಯರು ಅದನ್ನು ಕೇಳಿ ನಗುತ್ತಾರೆ. ಕಟ್ಟಿಕೊಡಲು ಮರೆತ ಒಂದು ಬುತ್ತಿಯಿಂದ ಈ ಹೆಸರು ಬಂತು ಎನ್ನುತ್ತಾರೆ ಅವರು.

ಹಿಂದೆ ಒಮ್ಮೆ ಈ ಊರಿಗೆ ನಾಲ್ಕು ದಿಕ್ಕಿನಿಂದಲೂ ಎತ್ತಿನ ಹೇರು ಬರುತ್ತಿತ್ತು. ಘಟ್ಟದ ಕೆಳಗಿನಿಂದ ಮೆಣಸು, ಉಪ್ಪು, ಕೊಬ್ಬರಿ. ಕಡಲಾಚೆಯಿಂದ ಕುದುರೆ, ಖರ್ಜೂರ. ಮೂಡಣ ಸೀಮೆಯಿಂದ ಹತ್ತಿಬಟ್ಟೆ. ಗಾಣಿಗರ ಓಣಿಯಲ್ಲಿ ಎಳ್ಳೆಣ್ಣೆಯ ಘಮ, ಕಂಚುಗಾರರ ಓಣಿಯಲ್ಲಿ ಹಗಲೆಲ್ಲ ಬಡಿತ, ಪರದೇಶಿಗಳ ಕೇರಿಯಲ್ಲಿ ಯಾರಿಗೂ ತಿಳಿಯದ ಮಾತು. ಉಣಿಸುವ ವಿಷಯದಲ್ಲಿ ಮಾತ್ರ ಇಡೀ ಪಟ್ಟಣಕ್ಕೆ ಒಂದೇ ರೂಢಿ. ಬಂದವನು ಯಾವ ದೇಶದವನಾದರೂ ಮೊದಲು ಕಾಲಿಗೆ ನೀರು, ಕೈಗೆ ಬೆಲ್ಲದ ಚೂರು. ಹೆಸರು ಕೇಳುವುದು ಆಮೇಲೆ. ಎಲೆಯ ಮೇಲೆ ಸಜ್ಜೆಯ ರೊಟ್ಟಿ, ಗುರೆಳ್ಳಿನ ಪುಡಿ, ಹುರುಳಿಕಟ್ಟಿನ ಸಾರು, ಹಬ್ಬವಾದರೆ ಕರಿಗಡಬು. ಮೆಣಸಿನಕಾಯಿ ಆಗಿನ್ನೂ ಈ ನಾಡನ್ನು ಕಂಡಿರಲಿಲ್ಲ. ಖಾರವೆಲ್ಲ ಕರಿಮೆಣಸಿನದು, ಅದನ್ನೂ ಕೈಬಿಚ್ಚಿ ಹಾಕುತ್ತಿದ್ದರು. ಉಂಡ ಅತಿಥಿ ಹೊರಟು ನಿಂತಾಗ ಮನೆಯೊಡತಿ ಕೈಯಾರೆ ಬುತ್ತಿ ಕಟ್ಟಿಕೊಡಬೇಕು. ಆ ಬುತ್ತಿಯಿಲ್ಲದೆ ಅತಿಥಿ ಉಣಿಸಿದವರನ್ನು ಬಿಟ್ಟು ತನ್ನ ದಾರಿ ಹಿಡಿಯುವಂತಿಲ್ಲ. ಒಂದೊಂದು ಮನೆಗೆ ಒಂದೊಂದು ಬಗೆಯ ಗಂಟು. ಬಾಗಿಲ ಕಾವಲಿನವರು ಗಂಟು ನೋಡಿಯೇ ಇದು ಇಂಥವರ ಮನೆಯದು ಎಂದು ಹೇಳಿ ದಾರಿ ಬಿಡುತ್ತಿದ್ದರು. ಊರವರೇ ಹೊರಟರೂ ಇನ್ನೊಬ್ಬರು ಕಟ್ಟಿದ ಗಂಟಿಲ್ಲದೆ ಬಾಗಿಲು ದಾಟುವಂತಿರಲಿಲ್ಲ. ವ್ಯಾಪಾರಿಗಳು ಬಯಲಿನಲ್ಲಿ ಬೀಡುಬಿಡುವ ಊರಾದ್ದರಿಂದ ಮನೆಯೆಂದರೆ ಗೋಡೆ, ಮಾಡು ಇರಲೇಬೇಕೆಂದಿರಲಿಲ್ಲ. ಮೂರು ಕಲ್ಲು ಹೂಡಿ ಒಲೆ ಹಚ್ಚಿದ ಜಾಗವೇ ಮನೆ. ಹಸಿದವರು ಬರಿಗೈಯಲ್ಲಿ ಹೋಗಬಾರದೆಂದು ಯಾರೋ ಪುಣ್ಯಾತ್ಮರು ಮಾಡಿದ ಕಟ್ಟಳೆ ಅದು. ಒಳ್ಳೆಯ ಕಟ್ಟಳೆಯೂ ಒಮ್ಮೊಮ್ಮೆ ಕೊರಳಿಗೆ ಬೀಳುತ್ತದೆ ಎಂಬುದು ಆ ಪುಣ್ಯಾತ್ಮರಿಗೆ ಹೊಳೆದಿರಲಿಕ್ಕಿಲ್ಲ.

ಜಕ್ಕವ್ವೆ ಎಂಬ ನೇಕಾರರ ಹೆಂಗಸು ಮೂಡಣ ಸೀಮೆಯಿಂದ ಬಟ್ಟೆಯ ಹೇರಿನ ಜೊತೆ ಈ ಊರಿಗೆ ಬಂದಳು. ಗಂಡ ತೀರಿಹೋಗಿದ್ದ; ನಾಲ್ಕು ವರ್ಷದ ಮಗಳು ನಾಗವ್ವೆಯನ್ನು ತಾಯಿಯ ಬಳಿ ಬಿಟ್ಟು ಬಂದಿದ್ದಳು. ಬಂದ ಮೂರನೆಯ ದಿನ ಜ್ವರ ಹಿಡಿಯಿತು. ಹೇರಿನವರು ಅವಳನ್ನು ಮಾಳಬ್ಬೆ ಎಂಬ ಸೆಟ್ಟಿತಿಯ ಮನೆಯಲ್ಲಿ ಮಲಗಿಸಿ ಊರಿಗೆ ತಿರುಗಿದರು. ಮಾಳಬ್ಬೆಗೂ ಗಂಡನಿರಲಿಲ್ಲ, ದೊಡ್ಡ ಮನೆ, ತುಂಬಿದ ಕಣಜ, ಎಣಿಸಲಾಗದಷ್ಟು ಆಳುಕಾಳು. ಗಂಜಿ ಕುಡಿಸಿ, ಮೈ ಒರೆಸಿ, ಹೆತ್ತವಳಂತೆ ಅವಳನ್ನು ಬದುಕಿಸಿದಳು. ಜ್ವರ ಬಿಟ್ಟಿತು, ಮಾಳಬ್ಬೆ ಬಿಡಲಿಲ್ಲ. ಜಕ್ಕವ್ವೆ ಹೊರಡುತ್ತೇನೆ ಎಂದಾಗಲೆಲ್ಲ, “ಹಬ್ಬ ಒಂದು ಮುಗೀಲಿ ತಂಗಿ, ಹೋಗುವಿಯಂತ. ನಿನ್ನ ಯಾರರ ಬೆನ್ನು ಹತ್ಯಾರೇನು?” ಎಂದು ತಟ್ಟೆಗೆ ಇನ್ನೊಂದು ಕಡಬು ಹಾಕುವಳು. ಹೇರುಪಟ್ಟಣದಲ್ಲಿ ಹಬ್ಬಗಳಿಗೇನು ಬರವೇ? ನಾಲ್ಕು ದೇಶದವರ ನಾಲ್ಕು ಬಗೆಯ ಹಬ್ಬ; ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಹೀಗೆ ನಾಲ್ಕು ತಿಂಗಳು ಕಳೆಯಿತು. ಯಾರೂ ಅವಳನ್ನು ಗದರಲಿಲ್ಲ, ಕದಕ್ಕೆ ಅಗುಳಿ ಹಾಕಲಿಲ್ಲ. ಇಂಥ ಸೆರೆಯ ಬಗ್ಗೆ ಯಾರ ಮುಂದೆ ದೂರುವುದು? ಓಣಿಯ ಹೆಂಗಸರ ಮುಂದೆ ಒಮ್ಮೆ ಬಾಯಿ ಬಿಟ್ಟರೆ, “ತುಪ್ಪದ ಊಟ ಕಹಿಯಾತೇನು?” ಎಂದು ನಕ್ಕರು. ಅತಿ ಸ್ನೇಹ ಗತಿ ಕೇಡು ಎಂಬ ಮಾತು ಅವರಿಗೂ ಗೊತ್ತಿತ್ತು. ಆ ಗತಿ ತಮ್ಮದಾಗಿರಲಿಲ್ಲ ಅಷ್ಟೇ.

ಮಳೆಗಾಲ ಹತ್ತಿರ ಬಂದಾಗ ಅವಳ ಸೀಮೆಯಿಂದ ಬಂದ ಅರಿಸಿನದ ವ್ಯಾಪಾರಿಯೊಬ್ಬ ಸುದ್ದಿ ತಂದ. ಜಕ್ಕವ್ವೆಯ ತಾಯಿ ಸತ್ತು ತಿಂಗಳಾಗಿತ್ತು. ಮಗು ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿತ್ತು. ಜಕ್ಕವ್ವೆ ಅಳಲೂ ನಿಲ್ಲಲಿಲ್ಲ. ತಾನೇ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಮಾಳಬ್ಬೆಯ ಗಂಟಿನಂತೆಯೇ ಗಂಟು ಹಾಕಿ ಬಾಗಿಲಿಗೆ ಓಡಿದಳು. ಕಾವಲಿನ ಮುದುಕ ಬುತ್ತಿಯನ್ನು ಎತ್ತಿ ತಿರುಗಿಸಿ ನೋಡಿದ. “ಇದು ಮಾಳಬ್ಬೆವ್ವನ ಕೈ ಅಲ್ಲವ್ವಾ. ಮನೀಗೆ ಹೋಗು. ಆಕಿ ಕಟ್ಟಿಕೊಟ್ಟರ ನಾ ಯಾಕ ತಡೀಲಿ?” ಎಂದು ಮೆಲ್ಲಗೆ ತಿರುಗಿಸಿ ಕಳಿಸಿದ. ಸುದ್ದಿ ಕೇಳಿದ ಮಾಳಬ್ಬೆ ಅವಳನ್ನು ಅಪ್ಪಿಕೊಂಡು ಅತ್ತಳು. ಅತ್ತು ಮುಗಿಸಿ, “ಕೂಸಿನ್ನ ಇಲ್ಲಿಗೇ ಕರಿಸೋಣು, ಮಳಿ ಹಿಂದಾಗಲಿ” ಎಂದಳು. ಮಳೆ ಹಿಂದಾಗಲು ನಾಲ್ಕು ತಿಂಗಳು ಬೇಕು. ಹೊಳೆ ತುಂಬಿದರೆ ಅಲ್ಲಿಯವರೆಗೆ ಹರಿಗೋಲು ಇಳಿಯುವುದಿಲ್ಲ. ಜಕ್ಕವ್ವೆಯ ಊರು ಹೊಳೆಯಾಚೆ.

ಮರುದಿನ ಬೆಳಗ್ಗೆ ಹೊಳೆಗೆ ಕೆಂಪು ನೀರು ಬಂದಿತ್ತು. ಅಂಬಿಗ ಅದೇ ಕೊನೆಯ ದಿನವೆಂದು ಸಾರಿದ. ಜಕ್ಕವ್ವೆ ಬಾಗಿಲ ಒಳಗಿನ ಕಟ್ಟೆಯ ಮೇಲೆ ಮೂರು ಕಲ್ಲು ಹೂಡಿ, ಒಲೆ ಹಚ್ಚಿ, ತನ್ನ ಊರಿನ ಬಗೆಯಲ್ಲಿ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ ಕಲಸಿ ಇಟ್ಟಳು. “ಅಕ್ಕಾ, ನಾಕು ತಿಂಗಳು ನಿನ್ನ ಕೈಯಾಗ ಉಂಡೀನಿ. ಒಂದು ಹೊತ್ತು ನನ್ನ ಕೈಯಾಗ ಉಣ್ಣು ಬಾ” ಎಂದು ಕರೆದಳು. ಮಾಳಬ್ಬೆ ಹಿಗ್ಗಿ ಬಂದಳು. ಅವಳನ್ನು ಕೂರಿಸಿ ಬಡಿಸಿದವರು ಎಷ್ಟೋ ವರ್ಷದಿಂದ ಯಾರೂ ಇರಲಿಲ್ಲ. ಎರಡು ಸಲ ನೀಡಿಸಿಕೊಂಡು ಉಂಡು, ಕೈತೊಳೆದು, ಕಟ್ಟೆಯಿಂದ ಇಳಿಯಲು ಹೋದಳು. “ಬುತ್ತಿ ಇನ್ನ ಕಟ್ಟಿಲ್ಲಲ್ಲ ಅಕ್ಕಾ, ಹ್ಯಾಂಗ ಹೋಗ್ತಿ? ನೀ ನನಗ ಕಟ್ಟು, ನಾ ನಿನಗ ಕಟ್ಟತೀನಿ” ಎಂದಳು ಜಕ್ಕವ್ವೆ.

ಸುತ್ತಲಿದ್ದವರು ನಕ್ಕರು, ಆಮೇಲೆ ಲೆಕ್ಕ ಹಾಕಿದರು. ಒಲೆ ಹಚ್ಚಿದ್ದು ಜಕ್ಕವ್ವೆ. ಆ ಕಟ್ಟೆ ಅವಳ ಮನೆ. ಉಂಡ ಮಾಳಬ್ಬೆ ಅವಳ ಅತಿಥಿ. ಕಾವಲಿನ ಮುದುಕ ತಲೆ ಕೆರೆದುಕೊಂಡು, ಕಟ್ಟಳೆ ಕಟ್ಟಳೆಯೇ ಎಂದ. ಮಾಳಬ್ಬೆ ಸಿಟ್ಟಿನಿಂದ ಕುಳಿತಳು. ಬಿಸಿಲು ಏರಿತು. ಆಳುಗಳು ಬಂದು ಇಣುಕಿದರು, ಮನೆಯಲ್ಲಿ ಹಾಲು ಉಕ್ಕಿತೆಂದರು, ಕರು ಬಿಚ್ಚಿಕೊಂಡಿತೆಂದರು. ಹತ್ತು ಮಾರು ದೂರದ ತನ್ನ ಮನೆಗೆ ಅವಳು ಹೋಗುವಂತಿರಲಿಲ್ಲ. ಕುಳಿತು ಕುಳಿತು ಅವಳ ಸಿಟ್ಟು ಇಳಿಯಿತು, ಕಣ್ಣು ತುಂಬಿತು. “ನನ್ನ ಮಗಳನ್ನ ಘಟ್ಟದ ಕೆಳಗ ಕೊಟ್ಟು ಹನ್ನೆರಡು ವರ್ಷಾತು. ಒಮ್ಮೆಯೂ ಹೋಗಿ ನೋಡಲಿಲ್ಲ ತಂಗಿ. ಊರಾಗಿನ ಗಂಡಸರಿಗೆ ಹೆಂಡಂದಿರು ಬುತ್ತಿ ಕಟ್ಟತಾರ. ಬಂದವರಿಗೆಲ್ಲ ನಾವು ಕಟ್ಟತೀವಿ. ನಮಗ ಯಾರು ಕಟ್ಟಬೇಕು?” ಎಂದಳು. ಜಕ್ಕವ್ವೆಗೆ ಆ ಹೊತ್ತಿನಲ್ಲಿ ಮರುಕ ಬಂದದ್ದು ನಿಜ. ಆದರೂ ಅವಳ ಕಿವಿಯೆಲ್ಲ ಅಂಬಿಗನ ಕೂಗಿನ ಮೇಲಿತ್ತು. ಮಾಳಬ್ಬೆ ಮನೆಯಿಂದ ರೊಟ್ಟಿ ತರಿಸಿ, ಬುತ್ತಿ ಕಟ್ಟಿ, ತನ್ನ ಗಂಟು ಹಾಕಿ ಕೊಟ್ಟಳು. ಜಕ್ಕವ್ವೆ ಕಾಲಿಗೆರಗಿ, ಬುತ್ತಿ ಬಗಲಿಗಿಟ್ಟು ಓಡಿದಳು.

ನಡುಹೊಳೆಯಲ್ಲಿ ಅವಳಿಗೆ ನೆನಪಾಯಿತು. ಮಾಳಬ್ಬೆಯ ಬುತ್ತಿಯನ್ನು ತಾನು ಕಟ್ಟಿರಲಿಲ್ಲ. ಎದ್ದು ನಿಂತವಳನ್ನು ಕಂಡು ಅಂಬಿಗ, “ತಿರುಗಿಸಲೇನವ್ವಾ? ತಿರುಗಿಸಿದರ ಇವತ್ತ ಮತ್ತ ದಾಟಿಸಾಕ ಆಗೂದಿಲ್ಲ” ಎಂದ. ಹಿಂದಿನ ದಂಡೆಯಲ್ಲಿ ಅವಳನ್ನು ಸಾವಿನಿಂದ ಎಳೆದು ತಂದವಳು ಕುಳಿತಿದ್ದಳು. ಮುಂದಿನ ದಂಡೆಯಾಚೆ ಕಂಡವರ ಮಗ್ಗುಲಲ್ಲಿ ಮಗು ಮಲಗುತ್ತಿತ್ತು. “ಬ್ಯಾಡ, ಹುಟ್ಟು ಹಾಕು” ಎಂದಳು ಜಕ್ಕವ್ವೆ, ಮತ್ತು ದಂಡೆ ಮುಟ್ಟುವವರೆಗೂ ಅತ್ತಳು.

ಏಳು ತಾಯಿ, ಕಟ್ಟಳೆಯನ್ನು ಯಾರು ನೋಡುತ್ತಾರೆ ಎಂದು ಊರವರು ಎಷ್ಟು ಹೇಳಿದರೂ ಮಾಳಬ್ಬೆ ಏಳಲಿಲ್ಲ. “ಆಕಿಗೊಂದು ರೂಢಿ, ನನಗೊಂದು ರೂಢಿಯೇನು?” ಎಂದಳು. ಕಟ್ಟೆಗೆ ಗರಿಯ ಚಪ್ಪರ ಬಿತ್ತು. ಇಡೀ ಮಳೆಗಾಲ ಅವಳು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿದಳು ಎನ್ನುತ್ತಾರೆ. ದೀಪಾವಳಿ ಕಳೆದು ನೀರು ಇಳಿದ ಮೇಲೆ ಮೊದಲ ಹರಿಗೋಲಿನಿಂದ ಜಕ್ಕವ್ವೆ ಇಳಿದಳು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಬುತ್ತಿ. ಬೈಗುಳಕ್ಕೆ ಎದೆಗಟ್ಟಿ ಮಾಡಿಕೊಂಡೇ ಬಂದಿದ್ದಳು. ಮಾಳಬ್ಬೆ ಬೈಯಲಿಲ್ಲ. ಮಗುವಿನ ಗಲ್ಲ ಸವರಿ, ಬುತ್ತಿ ತೆಗೆದುಕೊಂಡು ಕಟ್ಟೆಯಿಂದ ಇಳಿದಳು. ಆಳುಗಳು ಮನೆಯ ಕದ ತೆರೆದು ಕಾದಿದ್ದರು. ಅವಳು ಅತ್ತ ತಿರುಗದೆ ನೆಟ್ಟಗೆ ಪಡುವಣ ಬಾಗಿಲಿಗೆ ನಡೆದು ಬುತ್ತಿಯನ್ನು ಮುದುಕನ ಮುಂದೆ ಹಿಡಿದಳು. ಉಣಿಸಿದವಳು ಕಟ್ಟಿದ ಗಂಟು. ಅವನು ಸರಿದು ನಿಂತ. ಘಟ್ಟದ ದಾರಿ ಹಿಡಿದು ಹೋದ ಮಾಳಬ್ಬೆ ಮಗಳ ಮನೆ ಮುಟ್ಟಿದಳೋ ಇಲ್ಲವೋ ಯಾರಿಗೂ ತಿಳಿಯದು. ತಿರುಗಿ ಬಂದದ್ದನ್ನಂತೂ ಯಾರೂ ಕಾಣಲಿಲ್ಲ.

ಇಂದಿಗೂ ಹೇರುಪಟ್ಟಣದಲ್ಲಿ ಯಾರ ಮನೆಗಾದರೂ ಊಟಕ್ಕೆ ಹೋಗಿ ನೋಡಿ. ಎಲೆ ಹಾಕುವ ಮೊದಲೇ ಮನೆಯಾಕೆ ಕಟ್ಟಿದ ಬುತ್ತಿಯೊಂದನ್ನು ತಂದು ನಿಮ್ಮ ಬಲಗಡೆ ಇಡುತ್ತಾಳೆ, ಆಮೇಲೆ ರೊಟ್ಟಿ ಬಡಿಸುತ್ತಾಳೆ. ಹೊಸಬರಿಗೆ ಮುಖ ಸಣ್ಣದಾಗುತ್ತದೆ, ಉಣ್ಣುವ ಮೊದಲೇ ಕಳಿಸುತ್ತಿದ್ದಾರಲ್ಲ ಎಂದು. ಬೇಸರಪಡಬಾರದು. ನೀವು ಎಷ್ಟು ದಿನ ಬೇಕಾದರೂ ಇರಬಹುದು. ಎದ್ದು ಹೊರಟರೆ ಯಾರನ್ನೂ ಕೇಳಬೇಕಾಗಿಲ್ಲ.