ಪಂಡಿತನ ನಾಲಿಗೆ

“ಗುರುಗಳೇ, ಹನ್ನೊಂದು ವರ್ಷ ನಿಮ್ಮ ಪಾಠ ಕೇಳಿದೆ. ಈಗ ಯಾವ ಮಾತೂ ಒಳಗೆ ಇಳಿಯುತ್ತಿಲ್ಲ. ನನ್ನ ಮನಸ್ಸೇ ಸತ್ತಿದೆಯೋ ಏನೋ. ಬೇರೆ ಊರಿಗೆ ಹೋಗಿ ಬೇರೆ ಗುರುವಿನ ಬಳಿ ಕುಳಿತರೆ ತಪ್ಪಾಗುತ್ತದೆಯೇ?” ಎಂದು ಶಿಷ್ಯ ಕೇಳಿದ. ಕೇಳುವಾಗ ನಾಚಿಕೆಯಿಂದ ನೆಲ ನೋಡಿದ.

ಗುರುಗಳು ಕೋಪಿಸಿಕೊಳ್ಳಲಿಲ್ಲ. ಒಂದು ಕತೆ ಹೇಳಿದರು.

ಬಂದರಿನ ಊರೊಂದರಲ್ಲಿ ಮದ್ದು ಕೊಡುವ ಒಬ್ಬ ಪಂಡಿತನಿದ್ದ. ಒಣದ್ರಾಕ್ಷಿಯ ಕಷಾಯ ಹುದುಗಿಸಿ ದ್ರಾಕ್ಷಾರಿಷ್ಟ ಮಾಡುವುದರಲ್ಲಿ ಅವನದು ಎತ್ತಿದ ಕೈ. ಭರಣಿಯ ಬಾಯಿ ಬಿಚ್ಚಿ, ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು, ‘ಪಕ್ವವಾಗಿದೆ’ ಎಂದು ಅವನು ಹೇಳಿದ ಮೇಲೆಯೇ ಔಷಧಿ ರೋಗಿಯ ಕೈಗೆ ಹೋಗುತ್ತಿತ್ತು. ವಯಸ್ಸಾಗುತ್ತಾ ಅವನಿಗೊಂದು ಗುಟ್ಟಿನ ಅಂಜಿಕೆ ಹತ್ತಿತು. ತೊಟ್ಟು ನಾಲಿಗೆ ಮುಟ್ಟುತ್ತಿತ್ತು, ರುಚಿ ಮಾತ್ರ ತಿಳಿಯುತ್ತಿರಲಿಲ್ಲ. ನಾಲಿಗೆ ಹೋಯಿತೆಂದರೆ ಪಂಡಿತಿಕೆಯೂ ಹೋದಂತೆಯೇ. ಅದಕ್ಕೆ ಯಾರಿಗೂ ಹೇಳದೆ, ರೂಢಿಯಂತೆ ತಲೆಯಾಡಿಸಿ ‘ಪಕ್ವ’ ಎನ್ನುತ್ತಾ ಬಂದ.

ಒಂದು ದಿನ ಒಣದ್ರಾಕ್ಷಿ ಕೊಳ್ಳಲು ಪೇಟೆಗೆ ಹೋದ. ಅಂಗಡಿಯಲ್ಲಿ ಖರ್ಜೂರದ ಚೀಲಗಳ ಹಿಂದೆ ದೂಳು ಹಿಡಿದ ಒಂದು ಬಾಟಲಿ ಕಂಡಿತು. ಸ್ಪೇನ್ ದೇಶದ ಕೆಂಪು ವೈನು. ಅಲ್ಲಿಯ ಹಳೆಯ ಪದ್ಧತಿಯಂತೆ ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಇಟ್ಟದ್ದು. ಯಾವ ಹಡಗಿನಿಂದ ಇಳಿಯಿತೋ ಅಂಗಡಿಯವನಿಗೂ ಗೊತ್ತಿರಲಿಲ್ಲ. ಪಂಡಿತ ಅದನ್ನು ಕೈಗೆತ್ತಿಕೊಂಡವನೇ ಅರಿಷ್ಟದ ಬಾಟಲಿಯೆಂಬಂತೆ ಚೆನ್ನಾಗಿ ಕುಲುಕಿದ.

“ಕುಲುಕಬೇಡಿ ಮಾರಾಯ್ರೇ, ತಳದ ಗಷ್ಟು ಮೇಲೆ ಬರ್ತದೆ,” ಎಂದು ಅಂಗಡಿಯವನು ಬಾಟಲಿ ಕಸಿದುಕೊಂಡ. “ಇದು ಕಾಯಿಲೆಗೆ ಕುಡಿಯುವಂಥದ್ದಲ್ಲ. ಸುಮ್ಮನೆ ಕೂತು ಕುಡಿಯುವಂಥದ್ದು.”

ಪಂಡಿತ ಸುಮ್ಮನೆ ಕುಳಿತ. ಗಷ್ಟು ತಳಕ್ಕಿಳಿಯುವಷ್ಟರಲ್ಲಿ ಹೊತ್ತು ವಾಲಿತು. ಅಂಗಡಿಯವನು ಮೆಲ್ಲಗೆ ಬಗ್ಗಿಸಿಕೊಟ್ಟ ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಈ ರುಚಿಗೆ ಅವನ ಬಳಿ ಹೆಸರಿರಲಿಲ್ಲ. ಮೊದಲು ಹಣ್ಣು ಬಂತು, ಹಿಂದೆಯೇ ಹಳೆಯ ಮರ, ಆಮೇಲೆ ಬಿಸಿಲಿಗೆ ಕಾದ ಮಣ್ಣು. ಪೇಟೆಯ ಗದ್ದಲ ದೂರ ಸರಿಯಿತು. ಎಂದೂ ಕಾಣದ ಬೆಟ್ಟದ ಇಳಿಜಾರಿನಲ್ಲಿ, ದ್ರಾಕ್ಷಿ ಬಳ್ಳಿಗಳ ನಡುವೆ, ಯಾರೋ ನಿಧಾನವಾಗಿ ನಡೆದು ಹೋಗುತ್ತಿದ್ದರು. ತಾನೇ ಇರಬೇಕು ಎನಿಸಿತು. ಎಷ್ಟು ದೂರ ನಡೆದನೋ ತಿಳಿಯಲಿಲ್ಲ. ಕಣ್ಣು ತೆರೆದಾಗ, ತನ್ನ ನಾಲಿಗೆ ಇನ್ನೂ ಬದುಕಿದೆ ಎಂದು ಅವನಿಗೆ ಹೇಳಲಾಗದಷ್ಟು ಸಂತೋಷವಾಯಿತು.

ಆ ಸಂತೋಷದಲ್ಲೇ ಮನೆಗೆ ಬಂದು, ತನ್ನ ಭರಣಿಯ ಬಾಯಿ ಬಿಚ್ಚಿ ಒಂದು ತೊಟ್ಟು ನೆಕ್ಕಿದ. ಕೆಟ್ಟು ಹುಳಿಯಾಗಿತ್ತು. ಪಕ್ಕದ ಭರಣಿಯದೂ ಹುಳಿ. ಎಷ್ಟು ಕಾಲದಿಂದ ಹೀಗಿತ್ತೋ. ರೋಗಿಗಳಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಔಷಧಿ ಎಂದ ಮೇಲೆ ಮೂಗು ಹಿಡಿದು ಕುಡಿಯುವುದೇ ಸರಿ ಎಂದು, ಪಂಡಿತನಿಗೆ ಕೈಮುಗಿದು ಕುಡಿದಿದ್ದರು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ನಾನು ಹೋಗಬಹುದೇ?” ಎಂದ ಶಿಷ್ಯ.

“ಹೋಗಿ ಬಾ ಮಗು; ಬಂದ ಮೇಲೆ ನನ್ನ ಪಾಠ ಹುಳಿಯಾಗಿದೆಯೋ ಏನೋ ನೋಡಿ ಹೇಳು, ಇಲ್ಲಿರುವವರೆಲ್ಲ ಬರೀ ಕೈಮುಗಿಯುತ್ತಾರೆ.”