ಮಡಿಬಟ್ಟೆಯ ನಾತ

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳೋ ವಿಷಯ ಅಲ್ಲ. ಯಾರ ಹತ್ತಿರವೂ ಬಾಯಿ ಬಿಡೋದಿಲ್ಲ ಅಂತ ಮೊದಲು ಆಣೆ ಮಾಡಿ. ಮಾಡಿದಿರಾ? ಸರಿ.

ನಮ್ಮ ಪಕ್ಕದ ಮನೆಯೇ ವೇದಮ್ಮನವರ ಆಶ್ರಮ. ಹೊಳೆ ದಂಡೆ, ನಾಲ್ಕು ಕೋಣೆ, ಗೀತೆ ಉಪನಿಷತ್ತು ಕಲಿಯೋಕೆ ಬಂದ ಆರು ಹೆಣ್ಣುಮಕ್ಕಳು. ನಡುವಿನ ಗೋಡೆ ನನ್ನ ಎದೆಮಟ್ಟ. ಕಿವಿ ಮುಚ್ಚಿಕೊಂಡರೂ ಎಲ್ಲ ಕೇಳಿಸುತ್ತೆ. ನಾನಂತೂ ಮುಚ್ಚಿಕೊಂಡವಳಲ್ಲ.

ಆ ಆರರಲ್ಲಿ ಮಂದಾಕಿನಿ ಅಂತ ಒಬ್ಬಳು. ಹದಿಮೂರು ತುಂಬಿತ್ತು, ಆರರಲ್ಲಿ ಅವಳೇ ದೊಡ್ಡವಳು. ಪಾಠದಲ್ಲಿ ಅವಳದೇ ಮೇಲುಗೈ. ಆ ಬೇಸಿಗೆಯಲ್ಲಿ ಅವಳ ಕಂಕುಳು ನಾರೋಕೆ ಶುರುವಾಯಿತು. ಹುಳಿ ಬಂದ ಗಂಜಿ ವಾಸನೆ. ಮಿಕ್ಕ ಐವರೂ ಚಾಪೆ ಎಳೆದುಕೊಂಡು ದೂರ ಸರಿದರು. ಬಾಗಿಲ ಹತ್ತಿರ ಅವಳೊಬ್ಬಳೇ.

ದಿನಕ್ಕೆ ನಾಲ್ಕು ಸ್ನಾನ ಮಾಡಿದಳು. ಬೂದಿ ತಿಕ್ಕಿದಳು, ನಿಂಬೆಹಣ್ಣು ತಿಕ್ಕಿದಳು, ಚರ್ಮ ಕಿತ್ತು ಬಂತು. ನಾತ ಹೋಗಲಿಲ್ಲ.

ನಾನು ಹೂವಿನವಳ ಹತ್ತಿರ ಒಂದೇ ಒಂದು ಮಾತು ಅಂದೆ. "ನಾಲ್ಕು ಸ್ನಾನಕ್ಕೂ ಹೋಗದ ನಾತ ಮೈದಲ್ಲ ಕಣೇ, ಹಿಂದಿನ ಜನ್ಮದ್ದು." ಸಾಯಂಕಾಲದೊಳಗೆ ಅದು ಹೊಳೆ ಮೆಟ್ಟಿಲು ಮುಟ್ಟಿ, ಅಲ್ಲಿಂದ ಹುಡುಗಿ ಕಿವಿಗೂ ಬಿತ್ತು.

ಮಾರನೇ ದಿನ ಅವಳು ಗುರುಗಳ ಮುಂದೆ ನಿಂತಳು.

"ಅಮ್ಮಾ, ನಾನೇನು ಪಾಪ ಮಾಡಿದ್ದೆ?"

"ಕೈ ಎತ್ತು," ಅಂದರು ವೇದಮ್ಮ. ಬಗ್ಗಿ ಮೂಸಿದರು. "ಹೌದು, ನಾರುತ್ತೆ."

ಹುಡುಗಿ ಮುಖ ಇಷ್ಟೇ ಇಷ್ಟಾಯಿತು.

"ಈಗ ಹೊಳೆಗೆ ಓಡಿಹೋಗಿ ಓಡಿ ಬಾ."

ಬಂದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ವೇದಮ್ಮ ಅದನ್ನು ಬೆರಳಲ್ಲಿ ಒರೆಸಿ ಅವಳ ಮೂಗಿಗೇ ಹಿಡಿದರು.

"ನಾರುತ್ತಾ?"

"ಇಲ್ಲ."

"ಆಗತಾನೇ ಬಂದ ಬೆವರು ನಾರೋದಿಲ್ಲ. ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಗಳಿವೆ. ಅವು ಬೆವರು ತಿಂದು ಬಿಟ್ಟದ್ದು ನಾರುತ್ತೆ. ನಿನ್ನ ವಯಸ್ಸಿಗೆ ಕಂಕುಳಲ್ಲಿ ಹೊಸ ಬಗೆ ಬೆವರು ಬರುತ್ತೆ. ಅವಕ್ಕೆ ಹಬ್ಬ."

"ನನ್ನ ಮೇಲೆ ಮಾತ್ರ ಯಾಕೆ?"

"ನನ್ನ ಮೇಲೂ ಇವೆ. ಗೋಡೆಯಾಚೆ ನಿಂತು ಕೇಳ್ತಿದ್ದಾರಲ್ಲ, ಅವರ ಮೇಲೂ ಇವೆ."

ನಾನು ಸರಕ್ಕನೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

"ಮತ್ತೆ ಸ್ನಾನ ಮಾಡಿದರೂ ಯಾಕೆ ಹೋಗಲ್ಲ?"

"ಸ್ನಾನ ಆದಮೇಲೆ ಏನು ಉಡ್ತೀಯ?"

"ಮಡಿಬಟ್ಟೆ."

ಅಲ್ಲೇ ಇದ್ದದ್ದು ನೋಡಿ. ಅವರಲ್ಲಿ ಮಡಿಬಟ್ಟೆಗೆ ಸೋಪು ಹಾಕೋ ಹಾಗಿಲ್ಲ. ಹೊಳೆಯಲ್ಲಿ ಅದ್ದಿ ಹಿಂಡಿ, ಯಾರೂ ಮುಟ್ಟದ ಹಾಗೆ ಕತ್ತಲೆ ಕೋಣೆಯ ಬಿದಿರು ಗಳುವಿನ ಮೇಲೆ ಕೋಲಿನಿಂದ ಹರವೋದು. ಪೂರ್ತಿ ಆರೋ ಮೊದಲೇ ಮತ್ತೆ ಉಡೋದು.

"ತೊಳೆದ ಮೈಯನ್ನ ದಿನಾ ಅವುಗಳ ಮನೆಗೇ ಕಳಿಸ್ತಿದ್ದೀಯಲ್ಲೇ," ಅಂತ ವೇದಮ್ಮ ಸೀದಾ ಒಳಗೆ ಹೋದರು. ಮೈಲಿಗೆ ಕೈಯಲ್ಲೇ ಬಟ್ಟೆ ಎಳೆದು ತಂದರು. ನಾನು ಮತ್ತೆ ಎದ್ದು ಇಣುಕಿದೆ. ಮಡಿ ಕೆಟ್ಟೇಹೋಯಿತು! ಕುದಿಯೋ ನೀರಲ್ಲಿ ನೆನೆಹಾಕಿ, ಸೋಪು ಹಚ್ಚಿ, ಕುಕ್ಕಿ ಕುಕ್ಕಿ ಒಗೆದು, ಅಂಗಳದ ಬಿಸಿಲಲ್ಲಿ ನಾಯಿ ಓಡಾಡೋ ಕಡೆ ಹರವಿದರು.

"ಅಮ್ಮಾ, ಮಡಿ?"

"ಒಣಗಿದ ಮೇಲೆ ಮೂಸಿ ನೋಡು."

ವಾರದೊಳಗೆ ನಾತ ಹೋಯಿತು. ಚಾಪೆಗಳು ಒಂದೊಂದಾಗಿ ಹತ್ತಿರ ಬಂದವು. ಮಂದಾಕಿನಿ ಮಾತ್ರ ಬಾಗಿಲು ಬಿಟ್ಟು ಏಳಲಿಲ್ಲ. ಗಳಿಗೆಗೊಮ್ಮೆ ಕಂಕುಳಿಗೆ ಮೂಗು. ಊಟ ಸೇರದು. ಹೂವಿನವಳ ದನಿ ಕೇಳಿದರೆ ಕದದ ಹಿಂದೆ ಅಡಗೋಳು.

ಒಂದು ಬೆಳಿಗ್ಗೆ ಟ್ರಂಕು ಹಿಡಿದು ಜಗಲಿಗೆ ಬಂದಳು. ಹತ್ತರ ಬಸ್ಸಿಗೆ ಊರಿಗೆ ಹೋಗ್ತಾಳಂತೆ. ಒಮ್ಮೆ ವಾಪಸ್ ಬಂದರೆ ಮತ್ತೆ ಓದಿಗೆ ಕಳಿಸೋದಿಲ್ಲ ಅಂತ ಅವಳಪ್ಪ ಮೊದಲೇ ಹೇಳಿದ್ದ. ಅದು ಗೊತ್ತಿದ್ದೂ ಹೊರಟಳು.

"ನಾತ ಹೋಗಿದೆಯಲ್ಲೇ ಮಗೂ," ಅಂದರು ವೇದಮ್ಮ.

"ಮೈದು ಹೋಯಿತು ಅಮ್ಮಾ. ಹಿಂದಿನ ಜನ್ಮದ್ದು?"

ವೇದಮ್ಮ ಜಗಲಿ ಇಳಿದರು. ಗೋಡೆ ಸುತ್ತಿಕೊಂಡು ಬಂದು ನಮ್ಮ ಬಾಗಿಲು ತಟ್ಟಿದರು. ಇಪ್ಪತ್ತು ವರ್ಷದಲ್ಲಿ ಒಂದು ದಿನ ನಮ್ಮ ಹೊಸ್ತಿಲಿಗೆ ಬಂದವರಲ್ಲ. ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ನನ್ನ ಮುಖ ನೋಡಿಯೇ ಅಂದರು:

"ತುಂಗಕ್ಕ, ಮೂರು ವರ್ಷ ಪಾಠ ಹೇಳಿದವಳು ನಾನು, ಆ ಹುಡುಗಿ ನಂಬಿದ್ದು ನಿಮ್ಮನ್ನ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ನಿಮ್ಮ ಶಿಷ್ಯೆಯನ್ನ ನೀವೇ ನಿಲ್ಲಿಸಿಕೊಳ್ಳಿ."