ಕೇತಯ್ಯನ ಕಾಣದ ಹೊಲಿಗೆ

ಗಾಯ ಮುಚ್ಚಿದರೆ ರೋಗ ಹೋಯಿತು ಎಂದು ಆಗ ಎಲ್ಲರೂ ನಂಬಿದ್ದರು.

ದೇವಣಾರ್ಯರ ಆಶ್ರಮದಲ್ಲಿ ಶಸ್ತ್ರವೈದ್ಯ ಕಲಿಯುತ್ತಿದ್ದವರು ಇದನ್ನು ಇನ್ನೂ ಗಟ್ಟಿಯಾಗಿ ನಂಬಿದ್ದರು. ಅವರಲ್ಲಿ ಕೇತಯ್ಯನ ಹೊಲಿಗೆಗೆ ದೊಡ್ಡ ಹೆಸರು. ಎಲ್ಲಿ ಹೊಲಿದಿದ್ದಾನೆಂದು ಹುಡುಕಬೇಕಿತ್ತು. ನೋಡಿದವರು ತಲೆದೂಗುತ್ತಿದ್ದರು. ರೋಗಿ ಹೇಗಿದ್ದಾನೆಂದು ಕೇಳುವ ರೂಢಿ ಇರಲಿಲ್ಲ.

ಬಾಚವ್ವನಿಗೆ ಆ ರೂಢಿ ಗೊತ್ತಿರಲಿಲ್ಲ. ಮಗಳನ್ನು ಎತ್ತಿಕೊಂಡು ಹೊಳೆ ದಾಟಿ ಬಂದಳು.

“ಮತ್ತೆ ಬಂದದೆ, ಸ್ವಾಮಿ.”

ಮಗು ಚಾಮಿಯ ನಾಲಗೆಯಡಿ ನೀಲಿ ಗುಳ್ಳೆ, ಕಪ್ಪೆಯ ಹೊಟ್ಟೆಯ ಹಾಗೆ ತೆಳ್ಳಗೆ ಉಬ್ಬಿತ್ತು. ಕೇತಯ್ಯ ಅದನ್ನು ಎರಡು ಸಲ ಸೀಳಿ, ನೀರು ಬಸಿದು, ಹೊಲಿದಿದ್ದ. ಈಗ ಅದು ನಾಲಗೆಯನ್ನು ಅಂಗುಳಕ್ಕೆ ಒತ್ತಿತ್ತು. ಉಸಿರೆಳೆದಾಗಲೆಲ್ಲ ಮಗುವಿನ ಗಂಟಲು ಗೊರಗುಟ್ಟುತ್ತಿತ್ತು.

“ಪಥ್ಯ ತಪ್ಪಿಸಿದೆಯಾ?”

“ಹಾಲೇ ಇಳೀತಿಲ್ಲ, ಪಥ್ಯ ಎಲ್ಲಿಂದ ತಪ್ಪಿಸಲಿ? ನಿಮ್ಮ ಹೊಲಿಗೆ ಚೆಂದ ಅಂತ ಊರೆಲ್ಲ ನೋಡಿ ಹೋಯ್ತು. ಮಗಳಿಗೆ ಉಸಿರು ಸಿಕ್ತಿಲ್ಲ.”

ಕೇತಯ್ಯ ಗುರುಗಳ ಬಳಿ ಓಡಿದ.

“ಇನ್ನೊಮ್ಮೆ ಕೊಯ್ದರೆ ಮಗು ಉಳಿಯುತ್ತದೋ ಇಲ್ಲವೋ. ನೀವೇ ಮಾಡಿ.”

ದೇವಣಾರ್ಯರು ಕೈ ಚಾಚಿ ತೋರಿಸಿದರು. ಮುಪ್ಪಿಗೆ ಅದು ನಡುಗುತ್ತಿತ್ತು.

“ಇದರಲ್ಲಿ ಕೊಯ್ದರೆ ಖಂಡಿತ ಉಳಿಯುವುದಿಲ್ಲ. ನಡೆ.”

ಬಾಚವ್ವ ಮಗಳ ತಲೆ ಹಿಡಿದಳು. ಕೇತಯ್ಯ ಕತ್ತಿ ಹಿಡಿದ.

“ಸೀಳಬೇಡ. ಮೇಲಿನ ಪೊರೆಯನ್ನೇ ತೆಗೆದುಹಾಕು,” ಎಂದರು ಗುರುಗಳು.

ತೆಗೆದ. ಮೊಟ್ಟೆಯ ಬಿಳಿಯಂಥ ಅಂಟುನೀರು ಹರಿಯಿತು. ಹಿಂದೆಯೇ ರಕ್ತ. ಚಾಮಿ ಕೆಮ್ಮಿದಳು. ಆಮೇಲೆ ಸದ್ದೇ ಇಲ್ಲ.

“ಸ್ವಾಮಿ!” ಎಂದಳು ಬಾಚವ್ವ.

ಕೇತಯ್ಯ ಮಗುವನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದ. ನಾಲಗೆ ಕೆಳಗಿಳಿಯಿತು. ಉಸಿರು ಬಂತು, ಅಳುವೂ ಬಂತು. ಅವನು ಅವಸರದಿಂದ ಸೂಜಿ ತೆಗೆದು ಗಾಯದ ಎರಡು ಅಂಚುಗಳನ್ನು ಕೂಡಿಸಲು ಹೋದ.

ನಡುವೆ ದೇವಣಾರ್ಯರ ಕಿರುಬೆರಳು ಬಂದು ಕೂತಿತು.

“ಬೆರಳು ತೆಗೆಯಿರಿ, ಗುರುಗಳೇ. ಮುಚ್ಚಬೇಕು.”

“ತೆಗೆಯುವುದಿಲ್ಲ. ಸುತ್ತ ಹೊಲಿ. ಅಂಚನ್ನು ಹೊರಕ್ಕೆ ಮಡಚಿ ಪಕ್ಕದ ಮಾಂಸಕ್ಕೆ ಸೇರಿಸು.”

“ಹಾಗೆ ಮಾಡಿದರೆ ಗಾಯ ತೆರೆದೇ ಉಳಿಯುತ್ತದೆ!”

“ಉಳಿಯಲಿ. ನನ್ನನ್ನು ಮಾತ್ರ ಹೊಲಿಯಬೇಡ.”

ಕೇತಯ್ಯ ಹೊಲಿದ. ಚೀಲದ ಬಾಯಿಯಂತೆ ಒಂದು ತೂತು ಉಳಿಯಿತು. ಅವನ ಜನ್ಮದಲ್ಲೇ ಅಷ್ಟು ವಿಕಾರವಾದ ಹೊಲಿಗೆ ಬೇರೊಂದಿರಲಿಲ್ಲ. ಸಹಪಾಠಿಗಳು ಬಂದು ನೋಡಿದರು. ಯಾರೂ ತಲೆದೂಗಲಿಲ್ಲ.

ಚಾಮಿ ಮಲಗಿದಳು. ಕೇತಯ್ಯ ಅವಳ ಉಸಿರಿಗೆ ಕಿವಿಗೊಟ್ಟು ಪಕ್ಕದಲ್ಲೇ ಕೂತ. ಆ ತೂತಿನಿಂದ ಏನೋ ಜಿನುಗುತ್ತಲೇ ಇತ್ತು. ಒರೆಸಿದ. ಮತ್ತೆ ಜಿನುಗಿತು.

“ಗುರುಗಳೇ, ರೋಗ ಇನ್ನೂ ಹರಿಯುತ್ತಿದೆ. ಯಾವಾಗ ನಿಲ್ಲುತ್ತದೆ?”

ದೇವಣಾರ್ಯರು ಬಗ್ಗಿ ನೋಡಿದರು.

“ಅದು ಜೊಲ್ಲು, ಕೇತಯ್ಯ. ನೀನು ಎರಡು ಸಲ ಒಳಗೇ ಕೂಡಿಹಾಕಿ ಹೊಲಿದದ್ದು ಇದನ್ನೇ. ಬದುಕಿರುವವರೆಗೂ ಬರುತ್ತದೆ.”